ಎಣ್ಣೆ ದೊರೆಗಳ ಶಾಲೆಗೆ ನಮ್ಮ ಕಾಸು

655 ಕೋಟಿ 46 ಲಕ್ಷ ರೂಪಾಯಿ. ವಿಶಾಖಪಟ್ಟಣದ ಭಾರತೀಯ ಪೆಟ್ರೋಲಿಯಂ ಮತ್ತು ಇಂಧನ ಸಂಸ್ಥೆಗೆ ಕೇಂದ್ರ ಮಂಜೂರು ಮಾಡಿದ ಬಂಡವಾಳ ವೆಚ್ಚ. ಅದರ ಮೇಲೆ 200 ಕೋಟಿಯ ದತ್ತಿನಿಧಿ. ತೈಲ ಕಂಪನಿಗಳಿಂದ ಇನ್ನೊಂದು 200 ಕೋಟಿ. ಮಂತ್ರಿಗಳ ಬಾಯಲ್ಲಿ ಇದು ಕೊಡುಗೆ. ಯಾರಪ್ಪನ ಮನೆಯ ಗಂಟು ಸ್ವಾಮಿ ಇದು?

1974ರ ತೈಲೋದ್ಯಮ ಅಭಿವೃದ್ಧಿ ಕಾಯ್ದೆ ತೆಗೆದು ನೋಡಿ. ಈ ನೆಲದಡಿಯಿಂದ ತೆಗೆದ ಕಚ್ಚಾತೈಲದ ಮೇಲೆ ಸೆಸ್ ಹಾಕಿ, ಆ ಹಣವನ್ನು ಸಂಶೋಧನೆ, ತರಬೇತಿಯೂ ಸೇರಿದಂತೆ ತೈಲೋದ್ಯಮದ ಅಭಿವೃದ್ಧಿಗೆ ಬಳಸಲೆಂದು ಅದರಲ್ಲಿ ಬರೆದಿದೆ. ಸರ್ಕಾರ ಏನು ಮಾಡಿತು? 2014ರ ಹೊತ್ತಿಗೆ ಲಕ್ಷ ಕೋಟಿಗೂ ಮಿಕ್ಕಿ ಸೆಸ್ ಬಾಚಿತ್ತು. ಅದಕ್ಕಾಗಿಯೇ ಹುಟ್ಟಿದ ಮಂಡಳಿಯ ಕೈಗೆ ಅಲ್ಲಿಯವರೆಗೆ ಇಟ್ಟದ್ದು 902.40 ಕೋಟಿ. ರೂಪಾಯಿಗೆ ಒಂದು ಪೈಸೆಯೂ ಆಗಲಿಲ್ಲ. ಉಳಿದದ್ದೆಲ್ಲ ಬೊಕ್ಕಸದ ಹೊಟ್ಟೆಗೆ. ಈಗ ಚಿಲ್ಲರೆ ಕೊಟ್ಟು ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುತ್ತಾರೆ.

ಆ ಸಂಸ್ಥೆಯಾದರೂ ಪ್ರೀತಿಯಿಂದ ಬಂದದ್ದಲ್ಲ. 2014ರಲ್ಲಿ ಆಂಧ್ರವನ್ನು ಸೀಳಿದಾಗ ಸಮಾಧಾನಕ್ಕೆ ವಿಭಜನಾ ಕಾಯ್ದೆಯ 13ನೇ ಅನುಸೂಚಿಯಲ್ಲಿ ಒಂದು ಪೆಟ್ರೋಲಿಯಂ ವಿಶ್ವವಿದ್ಯಾಲಯ ಎಂದು ಬರೆದರು. ಅದೇ ವರ್ಷ ಜೂನ್ 27ರ ನಸುಕಿನಲ್ಲಿ ಕೋನಸೀಮೆಯ ನಗರಂ ಗ್ರಾಮದಲ್ಲಿ ಗೇಲ್ ಕಂಪನಿಯ ಕೊಳವೆ ಸೋರಿ ಬೆಂಕಿ ಹತ್ತಿತು. ಚಹಾ ಅಂಗಡಿಯ ಒಲೆ ಹಚ್ಚಿದ್ದೇ ಕಿಡಿಯಾಯಿತೆಂದು ವರದಿಗಳು ಬಂದವು, ತಪ್ಪೆಲ್ಲ ಆ ಬಡಪಾಯಿಯದೇ ಎಂಬಂತೆ! ತೆಂಗಿನ ಮರಗಳು ನಿಂತಲ್ಲೇ ಕರಕಾದವು, ಮನೆಯೊಳಗೆ ಮಲಗಿದ್ದವರು ಮಲಗಿದಲ್ಲೇ ಬೆಂದರು. ಸತ್ತವರು 20ಕ್ಕೂ ಹೆಚ್ಚು. ವಿಶಾಖಪಟ್ಟಣದ ದತ್ತಿನಿಧಿಗೆ ಹಣ ಹಾಕಿದ ಕಂಪನಿಗಳ ಪಟ್ಟಿಯಲ್ಲಿ ಗೇಲ್ ಕೂಡ ಇದೆ.

ಸಂಸ್ಥೆಯ ಕ್ಯಾಂಪಸ್ಸಿಗೆ ಗುರುತಿಸಿದ್ದು ವಂಗಲಿ ಎಂಬ ಹಳ್ಳಿಯ 200 ಎಕರೆ. ಪರಿಹಾರಕ್ಕಾಗಿ ರೈತರು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ವರ್ಷಗಟ್ಟಲೆ ತರಗತಿಗಳು ಆಂಧ್ರ ವಿಶ್ವವಿದ್ಯಾಲಯದ ಕಟ್ಟಡದಲ್ಲೇ ನಡೆದವು. ಈ ಸಂಸ್ಥೆಯಲ್ಲಿ ಬಿ.ಟೆಕ್ ಸೇರಲು ಜೆಇಇ ರ‍್ಯಾಂಕ್ ಬೇಕು. ಕೋಚಿಂಗಿಗೆ ಲಕ್ಷ ಸುರಿಯಲಾಗದ ವಂಗಲಿಯ ಕೂಲಿಯವಳ ಮಗ ಆ ಗೇಟಿನೊಳಗೆ ಹೇಗೆ ಹೋಗುತ್ತಾನೆ? ಹೋದರೆ ಸೆಕ್ಯುರಿಟಿ ಸಮವಸ್ತ್ರದಲ್ಲಿ, ಇಲ್ಲವೇ ಪೊರಕೆ ಹಿಡಿದು.

ಇದು ಪಕ್ಕದ ರಾಜ್ಯದ ಕಥೆ ಎಂದು ಕೈ ತೊಳೆದುಕೊಳ್ಳಬೇಡಿ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಸಿಡಿಸಿ 25 ಲಕ್ಷ ಟನ್ ಕಚ್ಚಾತೈಲ ತುಂಬುವ ಗುಹೆ ಕೊರೆದರು. ಮನೆಗೋಡೆ ಬಿರುಕು ಬಿಟ್ಟಿತೆಂದು ಊರವರು ಬೊಬ್ಬೆ ಹೊಡೆದರು. ಆ ಊರಿನ ಎಷ್ಟು ಮಕ್ಕಳನ್ನು ಪೆಟ್ರೋಲಿಯಂ ಎಂಜಿನಿಯರ್ ಮಾಡಿದಿರಿ?

ವಿಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. 2020ರ ಮೇ ತಿಂಗಳಲ್ಲಿ ಅಸ್ಸಾಮಿನ ಬಾಘ್‌ಜಾನಿನಲ್ಲಿ ಸಿಡಿದ ಅನಿಲಬಾವಿಯ ಬೆಂಕಿ ಪೂರ್ತಿ ಆರಿದ್ದು ನವೆಂಬರಿನಲ್ಲಿ. ಇಬ್ಬರು ಅಗ್ನಿಶಾಮಕರು ಸತ್ತರು. ತುಕ್ಕು ಹಿಡಿಯುವ ಕೊಳವೆ, ಸಿಡಿಯುವ ಬಾವಿ ಇವನ್ನು ಕಲಿಸುವ ಲ್ಯಾಬಿಗೆ ಇನ್ನೂ ನೂರು ಕೋಟಿ ಕೊಡಿ, ಬೇಡ ಎಂದವರಾರು? ಆದರೆ ಬಾವಿಯ ಪಕ್ಕದಲ್ಲಿ ಉಸಿರಾಡುವವನನ್ನೂ ಆ ಲ್ಯಾಬಿಗೆ ಸೇರಿಸಿ. ಜಮೀನು ಕಳೆದುಕೊಂಡವರ, ಕೊಳವೆ ಹಾದುಹೋದ ಊರುಗಳ ಮಕ್ಕಳಿಗೆ ಶುಲ್ಕವಿಲ್ಲದ ಸೀಟು ಕಾನೂನಿನಲ್ಲೇ ಬರೆಯಿರಿ. ಸೆಸ್ಸಿನ ಪೈಸೆ ಪೈಸೆ ಲೆಕ್ಕವನ್ನು ಸಂಸತ್ತಿನ ಮುಂದಿಡಿ. ಓದುಗರೇ, ಓಟು ಕೇಳಲು ಬರುವ ನಿಮ್ಮ ಸಂಸದರನ್ನು ಅಂಗಳದಲ್ಲೇ ನಿಲ್ಲಿಸಿ ಈ ಲೆಕ್ಕ ಕೇಳಿ.