ಸಾಂಬ್ರಾಣಿ ಗೆಡ್ಡೆಯ ಆಯಸ್ಸು

ಗೋಲಿಯಿಂದ ಹಿಡಿದು ನಿಂಬೆಹಣ್ಣಿನವರೆಗೆ ಗಾತ್ರ, ಕಂದು ಸಿಪ್ಪೆ, ಮೈತುಂಬಾ ಮಣ್ಣು. ಮಂಗಳೂರು ಕಡೆ ಇದನ್ನು ಸಾಂಬ್ರಾಣಿ ಗೆಡ್ಡೆ ಅಂತಾರೆ. ಕೊಂಕಣಿ ಮನೆಗಳಲ್ಲಿ ಕೂಕ, ಗಡಿ ದಾಟಿ ಕೇರಳಕ್ಕೆ ಹೋದರೆ ಕೂರ್ಕ. ಇಂಗ್ಲಿಷಿನಲ್ಲಿ ಮಾತ್ರ ಚೈನೀಸ್ ಪೊಟ್ಯಾಟೋ! ಚೀನಾಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಆಲೂಗೆಡ್ಡೆಯ ಕುಟುಂಬಕ್ಕೆ ಸೇರಿದ್ದೂ ಅಲ್ಲ. ನಮ್ಮ ಹಿತ್ತಲಿನ ದೊಡ್ಡಪತ್ರೆಗೆ ಹತ್ತಿರದ ಬಂಧು, ತುಳಸಿಗೆ ದೂರದ ನೆಂಟ. ತವರು ಆಫ್ರಿಕಾ.

ಘಾನಾ ದೇಶದ ಉತ್ತರ ಭಾಗದಲ್ಲಿ ಇದನ್ನು ಬೆಳೆಯುವ ಫ್ರಾಫ್ರಾ ಜನರ ಹೆಸರಿನಿಂದಲೇ ಇದು ಫ್ರಾಫ್ರಾ ಪೊಟ್ಯಾಟೋ. ನೈಜೀರಿಯಾದಲ್ಲಿ ಹೌಸಾ ಪೊಟ್ಯಾಟೋ, ಬುರ್ಕಿನಾ ಫಾಸೊದಲ್ಲಿ ಫಾಬಿರಾಮಾ. ಇಷ್ಟೊಂದು ಹೆಸರಿದ್ದರೂ, ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರಲ್ಲಿ ಹೊರತಂದ ‘ಲಾಸ್ಟ್ ಕ್ರಾಪ್ಸ್ ಆಫ್ ಆಫ್ರಿಕಾ’ದ ತರಕಾರಿ ಸಂಪುಟದಲ್ಲಿ ಇದೂ ಸೇರಿಕೊಂಡಿದೆ. ನಮ್ಮ ಬೆಂಡೆ, ಅವರೆ ಕೂಡ ಅದೇ ಸಂಪುಟದಲ್ಲಿವೆ. ಅವರೆಗೆ ಬೆಂಗಳೂರಿನಲ್ಲಿ ಮೇಳವೇ ನಡೆಯುತ್ತೆ. ಈ ಗೆಡ್ಡೆಯನ್ನು ಕರಾವಳಿಯಿಂದ ಆಚೆ ಕೇಳುವವರೇ ಕಡಿಮೆ.

ಪೌಷ್ಟಿಕಾಂಶ ಇಲ್ಲ ಅಂತಾನಾ? ಲೆಕ್ಕ ನೋಡಿ. ನೂರು ಗ್ರಾಂ ಹಸಿ ಗೆಡ್ಡೆಯಲ್ಲಿ ಸುಮಾರು ಮುಕ್ಕಾಲು ಭಾಗ ನೀರು, ಇಪ್ಪತ್ತು ಗ್ರಾಂಗಿಂತ ತುಸು ಹೆಚ್ಚು ಕಾರ್ಬೋಹೈಡ್ರೇಟ್, ಒಂದು ಗ್ರಾಂ ಚಿಲ್ಲರೆ ಪ್ರೋಟೀನ್, ಕೊಬ್ಬು ಇಲ್ಲವೆನ್ನುವಷ್ಟು. ತೊಂಬತ್ತರ ಆಸುಪಾಸು ಕ್ಯಾಲೊರಿ. ಆಲೂಗೆಡ್ಡೆಯಲ್ಲಿ ಕ್ಯಾಲೊರಿ 77ರಷ್ಟು, ಪ್ರೋಟೀನ್ ಎರಡು ಗ್ರಾಂ. ಅಂದ್ರೆ ಇದು ಹೊಟ್ಟೆ ತುಂಬಿಸಿ ಶಕ್ತಿ ಕೊಡುವ ಆಹಾರ, ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋ ಥರದ ಸೂಪರ್‌ಫುಡ್ ಅಲ್ಲ. ಜೊತೆಗೆ ಅಲಸಂದೆಯೋ ಬೇಳೆಯೋ ಇದ್ದರೆ ಊಟ ಪೂರ್ತಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ಇದನ್ನು ಪಲ್ಯದ ಲೆಕ್ಕಕ್ಕೆ ಹಾಕಬೇಡಿ, ಅನ್ನದ ಲೆಕ್ಕಕ್ಕೆ ಹಾಕಿ.

ನಿಜವಾದ ಸಮಸ್ಯೆ ಇರೋದು ಬಾಳಿಕೆಯಲ್ಲಿ. ಕಿತ್ತ ಮೇಲೂ ಗೆಡ್ಡೆ ಜೀವಂತ. ಉಸಿರಾಡುತ್ತೆ, ತನ್ನೊಳಗಿನ ಪಿಷ್ಟವನ್ನು ತಾನೇ ಕರಗಿಸಿಕೊಳ್ಳುತ್ತೆ, ಬಿಸಿ ಮತ್ತು ತೇವ ಹೊರಹಾಕುತ್ತೆ. ರಾಶಿ ಹಾಕಿದರೆ ಒಳಗೆ ಬಿಸಿ ಏರಿ ಉಸಿರಾಟ ಇನ್ನೂ ಜೋರಾಗುತ್ತೆ. ಅಗೆಯುವಾಗ ಗಾಯವಾದ ಒಂದು ಗೆಡ್ಡೆ ಕೊಳೆತರೆ ಪಕ್ಕದ್ದಕ್ಕೂ ಅಂಟುತ್ತೆ. ಮರಗೆಣಸು ಕಿತ್ತ ಎರಡು ಮೂರು ದಿನಕ್ಕೇ ಕೆಡೋಕೆ ಶುರುವಾಗುತ್ತೆ. ಪಶ್ಚಿಮ ಆಫ್ರಿಕಾದ ಯಾಮ್ ಗೆಣಸನ್ನು ನೆರಳಲ್ಲಿ ಕಂಬಗಳಿಗೆ ಕಟ್ಟಿ ತಿಂಗಳುಗಟ್ಟಲೆ ಇಡ್ತಾರೆ. ನಮ್ಮ ಈ ಗೆಡ್ಡೆ ನಡುವಿನದು. ಚೆನ್ನಾಗಿ ಇಟ್ಟರೆ ಒಂದೆರಡು ತಿಂಗಳು, ಆಮೇಲೆ ಸುಕ್ಕು, ಮೊಳಕೆ, ಕೊಳೆ.

ತಿನ್ನೋಕೆ ಅಷ್ಟು ಸಾಕು. ಆದರೆ ಉತ್ತರ ಘಾನಾದಲ್ಲಿ ವರ್ಷಕ್ಕೆ ಒಂದೇ ಮಳೆಗಾಲ. ಮಳೆ ಮುಗಿಯುವ ಹೊತ್ತಿಗೆ ಗೆಡ್ಡೆ ಅಗೆದರೆ, ಮುಂದಿನ ಮಳೆಗೆ ಐದಾರು ತಿಂಗಳು ಕಾಯಬೇಕು. ನಡುವೆ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಒಣಗಾಳಿ, ಅದರ ಹಿಂದೆಯೇ ಸುಡುಬೇಸಿಗೆ. ಈ ಬೆಳೆಯನ್ನು ಬೀಜ ಬಿತ್ತಿ ಬೆಳೆಯೋದಿಲ್ಲ, ಗೆಡ್ಡೆಯೇ ಬೀಜ. ಹೊಸ ಮಳೆ ಹತ್ತಿರ ಬಂದಾಗ ಕಣಜದಲ್ಲಿ ಧಾನ್ಯವೂ ತಳ ಕಂಡಿರುತ್ತೆ. ಉಳಿದ ನಾಲ್ಕು ಗೆಡ್ಡೆಯನ್ನು ಬೇಯಿಸಬೇಕೋ, ನೆಡೋಕೆ ಇಡಬೇಕೋ? ಕೊಳೆತು ಹೋದರಂತೂ ಈ ವರ್ಷದ ಊಟವೂ ಹೋಯ್ತು, ಮುಂದಿನ ವರ್ಷದ ಬೆಳೆಯೂ ಹೋಯ್ತು.

ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಇದು ಬ್ಯಾಕಪ್ ಇಲ್ಲದ ಡೇಟಾ. ಭತ್ತ, ರಾಗಿಯ ಬೀಜವನ್ನು ಒಣಗಿಸಿ ಮೈನಸ್ 18 ಡಿಗ್ರಿಯಲ್ಲಿ ದಶಕಗಳ ಕಾಲ ಬೀಜ ಬ್ಯಾಂಕಿನಲ್ಲಿ ಇಡಬಹುದು. ಗೆಡ್ಡೆಯನ್ನು ಹಾಗೆ ಇಡೋಕಾಗಲ್ಲ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿ ಮಾಡಬೇಕು, ಇಲ್ಲವೇ ಯಾರಾದರೂ ಪ್ರತಿ ವರ್ಷ ನೆಡುತ್ತಲೇ ಇರಬೇಕು. ಒಂದು ಊರಿನವರು ನೆಡೋದು ಬಿಟ್ಟರೆ ಅಲ್ಲಿನ ತಳಿ ಅಲ್ಲಿಗೇ ಮುಗಿಯುತ್ತೆ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಈ ಗೆಡ್ಡೆಯ ‘ಶ್ರೀಧರ’ ತಳಿಯನ್ನು ಕೊಟ್ಟಿರೋದು ಅದಕ್ಕೇ ಮುಖ್ಯ ಅನಿಸುತ್ತೆ.

ಇನ್ನು ನಮ್ಮ ಅಡುಗೆಮನೆಗೆ ನಾಲ್ಕು ಮಾತು. ತಂದ ತಕ್ಷಣ ತೊಳೀಬೇಡಿ, ಮಣ್ಣು ಹಾಗೇ ಇರಲಿ. ಗಾಯವಾದದ್ದು, ಮೆತ್ತಗಾದದ್ದನ್ನು ಮೊದಲೇ ಆರಿಸಿ ತೆಗೆಯಿರಿ. ಪ್ಲಾಸ್ಟಿಕ್ ಕವರ್ ಬೇಡ, ಬುಟ್ಟಿಯಲ್ಲೋ ಪೇಪರ್ ಮೇಲೋ ತೆಳ್ಳಗೆ ಹರಡಿ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಿ. ಅಡುಗೆಗೆ ಬೇಕಾದಷ್ಟನ್ನು ಮಾತ್ರ ನೆನೆಸಿ, ಗೋಣಿಚೀಲಕ್ಕೆ ಹಾಕಿ ಉಜ್ಜಿದರೆ ಸಿಪ್ಪೆ ತಾನಾಗಿ ಬರುತ್ತೆ. ಚಾಕುವಿನಲ್ಲಿ ಹೆರೆದರೆ ಮೊದಲೇ ಪುಟ್ಟ ಗೆಡ್ಡೆ, ಅರ್ಧ ಸಿಪ್ಪೆಗೇ ಹೋಗುತ್ತೆ.

ಚಳಿಗಾಲದಲ್ಲಿ ಮಾರ್ಕೆಟ್‌ನಲ್ಲಿ ಕಂಡರೆ ಅರ್ಧ ಕಿಲೋ ತನ್ನಿ. ಕೊಳ್ಳುವವರಿದ್ದರೆ ತಾನೇ ಮುಂದಿನ ವರ್ಷಕ್ಕೂ ಯಾರಾದರೂ ನಾಲ್ಕು ಗೆಡ್ಡೆ ಎತ್ತಿಡೋದು? ನಿಮ್ಮ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದನ್ನು ಕೆಡದ ಹಾಗೆ ಇಡುವ ಬೇರೆ ಉಪಾಯ ಬಲ್ಲವರಾಗಿದ್ದರೆ ಖಂಡಿತ ಬರೆದು ತಿಳಿಸಿ.