ಏನಡುಗೆ ಅಂತ ಕೇಳದ ಮಂಗಳವಾರ

ಸಂಜೆ ಮೆಟ್ರೋ ಇಂದಿರಾನಗರ ದಾಟೋ ಹೊತ್ತಿಗೆ ಬ್ಯಾಗ್‌ನೊಳಗೆ ಫೋನ್ ಗುಂಯ್ ಅನ್ನುತ್ತೆ. ತೆಗೆದು ನೋಡಬೇಕಾಗೇ ಇಲ್ಲ, ಮೆಸೇಜ್ ಏನು ಅಂತ ಗೊತ್ತು. “ಇವತ್ತೇನು?” ನಾನು “ನೀನೇ ಹೇಳು” ಅಂತೀನಿ. ಅವನು “ಏನಾದ್ರೂ ಪರವಾಗಿಲ್ಲ” ಅಂತಾನೆ. ವಿಜಯನಗರ ಬರೋವರೆಗೂ ನಾನು ಕಿಟಕಿ ನೋಡ್ತಾ ನಿಂತಿರ್ತೀನಿ.

ಈ ‘ಏನಾದ್ರೂ ಪರವಾಗಿಲ್ಲ’ ಇದೆಯಲ್ಲ, ಇದರಷ್ಟು ಸಿಟ್ಟು ಬರಿಸೋ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ ಅನ್ಸುತ್ತೆ ನನಗೆ. ಯಾಕಂದ್ರೆ ಆ ‘ಏನಾದ್ರೂ’ ಏನು ಅಂತ ಕಂಡುಹಿಡಿಯೋ ಕೆಲಸ ನನ್ನದು. ಹುರುಳಿಕಾಯಿ ಮೂರು ದಿನದ್ದು, ಇವತ್ತು ಮಾಡ್ಲಿಲ್ಲ ಅಂದ್ರೆ ಎಸೀಬೇಕು. ತೊಗರಿಬೇಳೆ ಮುಗಿದಿದೆ. ದೋಸೆ ಹಿಟ್ಟು ಹುಳಿ ಬಂದಿದೆ. ಇದೆಲ್ಲ ನನ್ನ ತಲೇಲೇ ಓಡ್ತಿರುತ್ತೆ, ಆಫೀಸಿನ ಎಕ್ಸೆಲ್ ಶೀಟಿನ ಹಿಂದೆ ಇನ್ನೊಂದು ಶೀಟ್ ತೆರೆದಿಟ್ಟ ಹಾಗೆ. ನಿಮ್ಮನೇಲೂ ಹೀಗೇನಾ?

ನನ್ನ ಗಂಡ ಸೋಮಾರಿ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಪಾತ್ರೆ ತೊಳೀತಾನೆ, ತರಕಾರಿ ಹೆಚ್ಚಿಕೊಡ್ತಾನೆ, ಕಸ ಗುಡಿಸ್ತಾನೆ. ಒಲೆ ಮುಂದೆ ನಿಂತ್ರೆ ಮಾತ್ರ ನಮ್ಮಿಬ್ಬರಿಗೂ ಏನೋ ಆಗಿಬಿಡುತ್ತೆ. ಅವನು ಧಾರವಾಡದವನು, ನಾನು ಮಂಡ್ಯದ ಕಡೆಯವಳು. ನಾನು ಬೇಳೆ ಮಾಡಿದ್ರೆ “ಅವ್ವನ ಬ್ಯಾಳಿ ಹಂಗ ಆಗಿಲ್ಲ, ಆದ್ರೂ ಛಲೋ ಅದ” ಅಂತಾನೆ. ಆ ‘ಆದ್ರೂ’ ನನಗೆ ಊಟ ಪೂರ್ತಿ ಕೇಳಿಸ್ತಿರುತ್ತೆ. ಅವನೇ ಸಾರು ಮಾಡೋಕೆ ಹೋದ್ರೆ ನಾನು ಹಿಂದೆ ನಿಂತು, ಒಗ್ಗರಣೆ ಸೀದುಹೋಯ್ತು, ನಮ್ಮಮ್ಮ ಇಷ್ಟು ಹುಣಸೆಹಣ್ಣು ಹಾಕಲ್ಲ ಅಂತ ಶುರು ಮಾಡ್ತೀನಿ. ಎರಡೇ ಜನ ನಿಲ್ಲೋ ಆ ಅಡುಗೆಮನೇಲಿ ನಾಲ್ಕು ಜನ ಇದ್ದ ಹಾಗೆ. ಕೊನೆಗೆ ಆ್ಯಪ್ ತೆಗೆದು ಆರ್ಡರ್ ಮಾಡೋದು.

ಜೂನ್ ತಿಂಗಳ ಕೊನೇಲಿ ಆ ಆರ್ಡರ್‌ಗಳನ್ನೆಲ್ಲ ಕೂಡಿಸಿ ನೋಡಿದೆ. ಹನ್ನೊಂದು ಸಾವಿರದ ಚಿಲ್ಲರೆ. ಇಬ್ಬರಿಗೆ, ಒಂದು ತಿಂಗಳಿಗೆ. ಅವತ್ತೇ ರಾತ್ರಿ ಹತ್ತು ಗಂಟೆಗೆ ತಣ್ಣಗಾದ ಬಿರಿಯಾನಿ ಬಂತು. ಜಗಳ ಶುರುವಾಗಿದ್ದು ದುಡ್ಡಿನ ವಿಷಯಕ್ಕೆ, ಹೋಗಿ ಮುಟ್ಟಿದ್ದು ಎಲ್ಲೆಲ್ಲಿಗೋ. “ನೀನು ಒಂದೇ ಒಂದು ದಿನ, ನನ್ನ ಏನೂ ಕೇಳದೆ, ಒಂದು ಊಟ ಯೋಚನೆ ಮಾಡಿ, ಮಾಡಿ, ಬಡಿಸು ನೋಡೋಣ” ಅಂದೆ. ಅವನು ಮಾತಾಡಲಿಲ್ಲ. ಎದ್ದು ಹೋಗಿ ಮಲಗಿದ.

ಮಾರನೇ ಮಂಗಳವಾರ ನಾನು ಮನೆಗೆ ಬಂದಾಗ ಅಡುಗೆಮನೆಯಿಂದ ಬೆಳ್ಳುಳ್ಳಿ ಘಮ. ಯಾರದೋ ಹುಟ್ಟುಹಬ್ಬಕ್ಕೆ ಅಂತ ತಂದು ಮರೆತಿದ್ದ ಸ್ಪಗೆಟ್ಟಿ ಪ್ಯಾಕೆಟ್ ಒಂದು ಶೆಲ್ಫಿನ ಹಿಂದೆ ಬಿದ್ದಿತ್ತು, ಅದನ್ನ ಹುಡುಕಿ ತೆಗೆದಿದ್ದ. ಮಾಡಿದ್ದು ಆಲಿಯೋ ಎ ಒಲಿಯೋ. ಹೆಸರಿನ ಅರ್ಥ ಬೆಳ್ಳುಳ್ಳಿ ಮತ್ತು ಎಣ್ಣೆ, ಅಷ್ಟೇ. ನೇಪಲ್ಸ್ ಕಡೆಯ ಅಡುಗೆ. ನಮ್ಮ ಚಿತ್ರಾನ್ನದ ಥರ, ಮನೇಲಿ ಏನೂ ಇಲ್ಲದ ದಿನಕ್ಕೆ ಇರೋದು.

ಅವನು ಮಾಡಿದ ರೀತಿ ಬರೀತೀನಿ, ಯಾಕಂದ್ರೆ ಅದರಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಿನ ಕೆಲಸ ಇಲ್ಲ. ಇಬ್ಬರಿಗೆ 180 ಗ್ರಾಂ ಸ್ಪಗೆಟ್ಟಿ. ದೊಡ್ಡ ಪಾತ್ರೇಲಿ ಎರಡು ಲೀಟರ್ ನೀರು ಕುದಿಯೋಕಿಟ್ಟು, ಕುದಿ ಬಂದ ಮೇಲೆ ಒಂದು ದೊಡ್ಡ ಚಮಚ ತುಂಬ ಉಪ್ಪು. ಇಟಲಿಯವರ ಲೆಕ್ಕ 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಜಾಸ್ತಿ ಅನ್ಸುತ್ತೆ, ಆದ್ರೆ ಬಹುಪಾಲು ನೀರಲ್ಲೇ ಉಳಿಯುತ್ತೆ. ನೀರಿಗೆ ಎಣ್ಣೆ ಬೇಡ, ಮೊದಲ ಎರಡು ನಿಮಿಷ ಚೆನ್ನಾಗಿ ಕದಡಿದ್ರೆ ಅಂಟಲ್ಲ. ಇನ್ನೊಂದು ಕಡೆ ಬಾಣಲೆಗೆ ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಆರು ಎಸಳು ಬೆಳ್ಳುಳ್ಳಿ ತೆಳ್ಳಗೆ ಹೆಚ್ಚಿದ್ದು. ಗಮನಿಸಿ, ಎಣ್ಣೆ ಕಾಯೋಕೆ ಮುಂಚೇನೇ ಬೆಳ್ಳುಳ್ಳಿ ಹಾಕಬೇಕು. ನಾವು ಒಗ್ಗರಣೆ ಜನ, ಎಣ್ಣೆ ಹೊಗೆಯಾಡದೆ ಕೈ ಮುಂದೆ ಹೋಗಲ್ಲ. ಇಲ್ಲಿ ಅದು ತಪ್ಪು. ತಣ್ಣನೆ ಎಣ್ಣೇಲಿ ಹಾಕಿ, ಸಣ್ಣ ಉರೀಲಿ, ಹೊಂಬಣ್ಣ ತಿರುಗೋ ಮುಂಚೆ ಎರಡು ಒಣಮೆಣಸಿನಕಾಯಿ ಮುರಿದು ಹಾಕಿ ಒಲೆ ಆರಿಸಬೇಕು. ಕೆಂಪಾದ್ರೆ ಕಹಿ.

ಮುಖ್ಯವಾದ್ದು ಇಲ್ಲಿದೆ. ಪ್ಯಾಕೆಟ್ ಮೇಲೆ ಬರೆದಿರೋ ಸಮಯಕ್ಕೆ ಎರಡು ನಿಮಿಷ ಮುಂಚೆ ಪಾಸ್ತಾ ಎತ್ತಿ ನೇರ ಬಾಣಲೆಗೆ ಹಾಕಿ, ಅದು ಬೆಂದ ನೀರನ್ನೇ ಒಂದು ಲೋಟ ಸುರಿದು ಜೋರು ಉರೀಲಿ ಕೈಯಾಡಿಸಬೇಕು. ಆ ನೀರಲ್ಲಿ ಗಂಜಿ ಇರುತ್ತಲ್ಲ, ಅದು ಎಣ್ಣೆ ಮತ್ತು ನೀರನ್ನ ಬೆಸೆದು ಹೊಳೆಯೋ ಸಾಸ್ ಮಾಡುತ್ತೆ. ಕ್ರೀಮ್ ಬೇಡ, ಮೈದಾ ಬೇಡ. ಬಸಿದು ನಲ್ಲಿ ನೀರಲ್ಲಿ ತೊಳೆದ್ರೆ ಮುಗೀತು, ಎಣ್ಣೆ ಒಂದು ಕಡೆ ಪಾಸ್ತಾ ಒಂದು ಕಡೆ. ಇದನ್ನ ನೋಡಿ ನನಗೆ ನಗು ಬಂತು. ಬಸಿದ ನೀರು ಚೆಲ್ಲಬಾರದು ಅನ್ನೋದನ್ನ ಬಸ್ಸಾರು ತಿಂದು ಬೆಳೆದವಳಿಗೆ ಇಟಲಿಯವರು ಹೇಳಿಕೊಡಬೇಕಾ!

ತಟ್ಟೆಗೆ ಹಾಕಿಕೊಟ್ಟ. ತಿಂದೆ. ಉಪ್ಪು ಸ್ವಲ್ಪ ಮುಂದು, ಆದ್ರೂ ಚೆನ್ನಾಗಿತ್ತು. ಆಗ ಒಂದು ವಿಷಯ ಹೊಳೀತು. ನನಗೆ ಹೇಳೋಕೆ ಏನೂ ಇರಲಿಲ್ಲ. ನಮ್ಮಮ್ಮ ಹೀಗೆ ಮಾಡಲ್ಲ ಅನ್ನೋಕೆ ನಮ್ಮಮ್ಮ ಇದನ್ನ ಯಾವತ್ತೂ ಮಾಡಿಯೇ ಇಲ್ಲ. ಅವನ ಅವ್ವನೂ ಮಾಡಿಲ್ಲ. ಆ ಒಂದು ಬಾಣಲೆ ಮುಂದೆ ನಮ್ಮಿಬ್ಬರನ್ನ ಬಿಟ್ಟು ಬೇರೆ ಯಾರೂ ಇರಲಿಲ್ಲ. ಕೈರುಚಿ ಅನ್ನೋದು ದೊಡ್ಡ ಮಾತೇ, ಆದ್ರೆ ಕೆಲಸ ಮುಗಿಸಿ ಸುಸ್ತಾಗಿ ಬಂದ ಮಂಗಳವಾರಕ್ಕೆ ಅದು ಭಾರ ಕೂಡ ಹೌದು.

ಅಲ್ಲಿಂದ ಮಂಗಳವಾರ, ಗುರುವಾರ ಅವನದು. ಏನು, ಎಷ್ಟು, ಸಾಮಾನು ಇದೆಯಾ, ಎಲ್ಲ ಅವನದೇ ತಲೆನೋವು. ನಾನು ಅಡುಗೆಮನೆ ಬಾಗಿಲು ದಾಟಂಗಿಲ್ಲ ಅನ್ನೋದು ನಾನೇ ನನಗೆ ಹಾಕಿಕೊಂಡ ನಿಯಮ. ಮೊದಲ ವಾರ ಬಾಯಿ ಮುಚ್ಚಿಕೊಂಡಿರೋದು ಎಷ್ಟು ಕಷ್ಟ ಆಯ್ತು ಅಂದ್ರೆ, ಬಾಲ್ಕನಿಗೆ ಹೋಗಿ ನಿಂತಿದ್ದೆ.

ಪ್ಯಾಕೆಟ್ ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ, ಡ್ಯೂರಮ್ ಗೋಧಿಯ ರವೆ ಅಂತ ಇರಬೇಕು. ಇಟಲಿಯಲ್ಲಿ 1967ರಲ್ಲೇ ಕಾನೂನು ಮಾಡಿದ್ದಾರೆ, ಒಣ ಪಾಸ್ತಾ ಈ ಗೋಧಿಯದ್ದೇ ಆಗಿರಬೇಕು ಅಂತ. ಗಟ್ಟಿ ಜಾತಿಯ ಗೋಧಿ, ಬೆಂದ್ರೂ ಹಲ್ಲಿಗೆ ಸಿಗುತ್ತೆ. ನಾವು ಉಪ್ಪಿಟ್ಟಿಗೆ ತರೋ ಬನ್ಸಿ ರವೆಯೂ ಇದೇ ಜಾತಿಯದ್ದು. ಮೈದಾ ಬೆರೆಸಿದ ಅಗ್ಗದ್ದು ತಂದ್ರೆ ಎರಡು ನಿಮಿಷ ಹೆಚ್ಚಾದ್ರೂ ಅಂಬಲಿ.

ಎರಡನೇ ವಾರ ಟೊಮ್ಯಾಟೊ ಸಾಸ್. ಇದು ಮಾರ್ಸೆಲ್ಲಾ ಹಜಾನ್ ಅವರದ್ದು. ಇಟಲಿಯ ಅಡುಗೆಯನ್ನ ಅಮೆರಿಕದವರಿಗೆ ಕಲಿಸಿದ ದೊಡ್ಡ ಹೆಸರು ಅದು. ತಮಾಷೆ ಏನಂದ್ರೆ ಆಕೆ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ಮದುವೆಯಾಗಿ 1955ರಲ್ಲಿ ನ್ಯೂಯಾರ್ಕಿಗೆ ಹೋಗೋವರೆಗೂ ಅಡುಗೆಯೇ ಮಾಡಿರಲಿಲ್ಲವಂತೆ. ನಮ್ಮಂಥವರಿಗೆ ಧೈರ್ಯ ಬರೋ ಕಥೆ. ಅವರ ಸಾಸಿಗೆ ಹೆಚ್ಚೋ ಕೆಲಸವೇ ಇಲ್ಲ. ಟೊಮ್ಯಾಟೊ, ಬೆಣ್ಣೆ, ಎರಡು ಹೋಳು ಮಾಡಿದ ಒಂದು ಈರುಳ್ಳಿ, ಉಪ್ಪು. ಸಣ್ಣ ಉರೀಲಿ 45 ನಿಮಿಷ, ಆಮೇಲೆ ಈರುಳ್ಳಿ ತೆಗೆದಿಡೋದು. ತಾಜಾ ಆದ್ರೂ ಸರಿ, ಡಬ್ಬಿ ಟೊಮ್ಯಾಟೊ ಆದ್ರೂ ಸರಿ ಅಂತಾರೆ ಅವರು, ನಾವು ಬಳಸೋದು ಮಾರ್ಕೆಟ್‌ನದ್ದು: ಒಂದು ಕೆಜಿಯನ್ನ ಬಿಸಿನೀರಲ್ಲಿ ಅದ್ದಿ ಸಿಪ್ಪೆ ತೆಗೆದು, 70 ಗ್ರಾಂ ಬೆಣ್ಣೆ. ನಮ್ಮ ಟೊಮ್ಯಾಟೊ ಹುಳಿ ಜಾಸ್ತಿ, ಚಿಟಿಕೆ ಬೆಲ್ಲ ಹಾಕ್ತಾನೆ. 45 ನಿಮಿಷ ವಾರದ ದಿನಕ್ಕೆ ಆಗೋ ಮಾತಲ್ಲ, ಭಾನುವಾರ ಬಟ್ಟೆ ಒಗೆಯೋಕೆ ಹಾಕಿದಾಗ ಇದನ್ನೂ ಒಲೆ ಮೇಲಿಟ್ರೆ ಎರಡೂ ಒಟ್ಟಿಗೆ ಮುಗಿಯುತ್ತೆ. ತೆಗೆದಿಟ್ಟ ಈರುಳ್ಳಿಯನ್ನ ಎಸೀಬೇಡಿ, ಬ್ರೆಡ್ ಮೇಲೆ ಹಚ್ಚಿಕೊಂಡು ತಿನ್ನಿ. ಅದೇ ಊಟ ಮಾಡಿದವರಿಗೆ ಸಂಭಾವನೆ.

ಬರೀ ಪಾಸ್ತಾ ತಿಂದ್ರೆ ರಾತ್ರಿ ಹನ್ನೊಂದಕ್ಕೆ ಮತ್ತೆ ಹಸಿವು ಅನ್ನೋ ದೂರು ನನ್ನದು. ಅದಕ್ಕೆ ಸಿಕ್ಕಿದ್ದು ಪಾಸ್ತಾ ಎ ಚೇಚಿ, ಕಾಬೂಲ್ ಕಡ್ಲೆ ಹಾಕಿದ್ದು. ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಬೆಳಿಗ್ಗೆ ಆಫೀಸಿಗೆ ಹೋಗೋ ಮುಂಚೆ ಒಂದು ಲೋಟ ಕಡ್ಲೆ ನೆನೆಹಾಕಬೇಕು, ಅಷ್ಟು ನೆನಪಿದ್ರೆ ಅರ್ಧ ಅಡುಗೆ ಆಯ್ತು. ಸಂಜೆ ಕುಕ್ಕರ್‌ನಲ್ಲಿ ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ಅರ್ಧ ಕಡ್ಲೆ ಮಸೆದು, ಅರ್ಧ ಹಾಗೇ ಬಿಟ್ಟು, ಬೆಳ್ಳುಳ್ಳಿ ಟೊಮ್ಯಾಟೊ ಬಾಡಿಸಿದ್ದಕ್ಕೆ ಬೆಂದ ನೀರಿನ ಸಮೇತ ಸುರಿದು ಕುದಿಸಬೇಕು. ಸಣ್ಣ ಮ್ಯಾಕರೋನಿ 100 ಗ್ರಾಂ, ಇಲ್ಲಾಂದ್ರೆ ಮುರಿದ ಸ್ಪಗೆಟ್ಟಿ, ಅದರೊಳಗೇ ಬೇಯಬೇಕು. ಬಸಿಯೋದಿಲ್ಲ, ಎರಡನೇ ಪಾತ್ರೆ ಇಲ್ಲ. ನೀರು ಅಂದುಕೊಂಡದ್ದಕ್ಕಿಂತ ಜಾಸ್ತಿ ಹಿಡಿಯುತ್ತೆ, ಪಕ್ಕದಲ್ಲಿ ಬಿಸಿನೀರು ಇಟ್ಟುಕೊಳ್ಳಿ. ಮಳೆ ಬರುವಾಗ ಬಟ್ಟಲಲ್ಲಿ ಹಾಕಿಕೊಂಡು ಚಮಚದಲ್ಲಿ ತಿನ್ನಬೇಕು.

ಸೋತದ್ದೂ ಇದೆ. ಕಾಚೋ ಎ ಪೆಪೆ, ರೋಮ್‌ನದ್ದು, ಚೀಸ್ ಮತ್ತು ಕಾಳುಮೆಣಸು ಮಾತ್ರ. ನಮ್ಮ ಮನೇಲಿ ಚೀಸ್ ಗಂಟುಗಂಟಾಗಿ ಚೂಯಿಂಗ್ ಗಮ್ ಆಯ್ತು. ಆ ಗಂಟು ಯಾಕಾಗುತ್ತೆ ಅಂತ ಭೌತವಿಜ್ಞಾನಿಗಳು ಅಧ್ಯಯನ ಮಾಡಿ, 2025ರ ಇಗ್ ನೊಬೆಲ್ ಪಡೆದಿದ್ದಾರೆ. ಸ್ವಲ್ಪ ಜೋಳದ ಪಿಷ್ಟ ಕದಡಿ ಸೇರಿಸಿದ್ರೆ ಆಗಲ್ವಂತೆ. ಅವರಿಗೇ ಅಷ್ಟು ಕಷ್ಟ ಆಗಿದ್ರೆ ನಮ್ಮದೇನು. ಇನ್ನು ವೈಟ್ ಸಾಸ್ ಪಾಸ್ತಾ ಕೇಳಬೇಡಿ, ಅದನ್ನ ಕೆಫೆಯವರೇ ಮಾಡಿಕೊಳ್ಳಲಿ.

ಆಗಸ್ಟ್‌ನಲ್ಲಿ ಅತ್ತೆ ಬಂದ್ರು, ಕಣ್ಣಿನ ಪರೀಕ್ಷೆಗೆ ಅಂತ ಹತ್ತು ದಿನ. ಬಂದ ಮರುದಿನವೇ ಮಂಗಳವಾರ. ನನಗೆ ಬೆಳಿಗ್ಗೆಯಿಂದ ಒಂಥರಾ ಅಳುಕು. ಮಗ ಒಲೆ ಮುಂದೆ, ಸೊಸೆ ಸೋಫಾ ಮೇಲೆ. “ಇವತ್ತು ನಾನೇ ರೊಟ್ಟಿ ಮಾಡಿಬಿಡ್ತೀನಿ, ನೀನು ನಾಳೆ ಮಾಡು” ಅಂತ ಮೆಟ್ರೋದಿಂದ ಮೆಸೇಜ್ ಹಾಕಿದೆ. ಉತ್ತರ ಬಂತು: “ಮಂಗಳವಾರ ನಂದು.”

ಬಂದಾಗ ಅತ್ತೆ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ರು. ಅವನು ಸ್ಪಗೆಟ್ಟಿ ಎತ್ತೋಕೆ ಹೊರಟಿದ್ದ. “ಶ್ಯಾವಗಿನ ಇದು, ಸ್ವಲ್ಪ ದಪ್ಪ ಅದ” ಅಂದ್ರು. ಅವನು ಪಾತ್ರೆ ಎತ್ತಿದ್ದೇ ತಡ, “ಏ, ಚೆಲ್ಲಬ್ಯಾಡ, ಕಟ್ಟು ಅದ ಅದು!” ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡೋ ಮನೆಯವರು. ಮಗ ಬೀಗಿಬಿಟ್ಟ. “ಚೆಲ್ಲಂಗಿಲ್ಲವ್ವಾ, ಇದರಾಗ ಹಾಕೋದು” ಅಂತ ಒಂದು ಲೋಟ ಬಾಣಲೆಗೆ ಸುರಿದ.

ಫೋರ್ಕ್ ಬೇಡ ಅಂದು ಕೈಯಲ್ಲೇ ತಿಂದ್ರು. ನಾನು ಮುಖ ನೋಡ್ತಾ ಕೂತಿದ್ದೆ. ಅರ್ಧ ತಟ್ಟೆ ಆದ ಮೇಲೆ, “ನೀ ಮಾಡಿದ್ದು ಉಣ್ಣಾಕ ನನಗ ಅರವತ್ತಾರು ವರ್ಷ ಆತು” ಅಂದ್ರು. ಬೈಗುಳವೋ ಹೊಗಳಿಕೆಯೋ ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾದ ಹಾಗೆ ಕಾಣಲಿಲ್ಲ. ಎರಡನೇ ಸಲ ಹಾಕಿಸಿಕೊಂಡ್ರು. ಬೆಳ್ಳುಳ್ಳಿ ಕಮ್ಮಿ ಆಗಿದೆ ಅಂದ್ರು.

ಹೋಗೋ ದಿನ ಬ್ಯಾಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದ್ರು. ಸೌತೆಬೀಜ. ಗೊತ್ತಿಲ್ಲದವರಿಗೆ ಹೇಳ್ತೀನಿ, ಗೋಧಿ ಹಿಟ್ಟಿನ ಕಣಕವನ್ನ ಬೆರಳ ತುದೀಲಿ ಚಿವುಟಿ ಹೊಸೆದು, ಸೌತೆಕಾಯಿ ಬೀಜದಷ್ಟೇ ಮಾಡಿ ಒಣಗಿಸೋದು. ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೇಲಿ ಶ್ಯಾವಿಗೆ, ಗೌಲಿ ಜೊತೆ ಇದೂ ಆಗುತ್ತೆ, ಬೆಲ್ಲ ಹಾಕಿ ಹುಗ್ಗಿ ಮಾಡ್ತಾರೆ. ಸೂಪರ್ ಮಾರ್ಕೆಟ್‌ನಲ್ಲಿ ಓರ್ಜೋ ಅಂತ ಒಂದು ಪಾಸ್ತಾ ಸಿಗುತ್ತಲ್ಲ, ಪಕ್ಕಪಕ್ಕ ಇಟ್ರೆ ಅಕ್ಕ ತಂಗಿ ಥರ. ಡಬ್ಬಿ ತಗೊಳ್ಳೋಕೆ ನಾನು ಕೈ ಚಾಚಿದೆ. ಅತ್ತೆ ನನ್ನ ದಾಟಿ ಮಗನ ಕೈಗಿಟ್ರು.

“ತುಪ್ಪದಾಗ ಕೆಂಪಗ ಹುರಿ. ನೀರು ಕುದಿಸಿ ಹಾಕು. ಬೆಂದ ಮ್ಯಾಲೆ ಬೆಲ್ಲ, ಮೊದಲ ಹಾಕಿದ್ರ ಗಟ್ಟಿ ಉಳೀತದ.”

“ನೀರು ಎಷ್ಟವ್ವಾ?”

“ಅಂದಾಜ ಹಾಕು.”

“ಅಂದಾಜ ಅಂದ್ರ? ಎಷ್ಟು ಲೋಟ? ಎಷ್ಟು ನಿಮಿಷ ಬೇಯಬೇಕು?” ಅವನು ಫೋನ್ ತೆಗೆದು ಬರೆದುಕೊಳ್ಳೋಕೆ ನಿಂತಿದ್ದ. ಕ್ಯಾಬ್ ಕೆಳಗೆ ಬಂದು ಹಾರ್ನ್ ಹೊಡೀತಿತ್ತು. ಅತ್ತೆ ಚಪ್ಪಲಿ ಮೆಟ್ಟಿಕೊಳ್ತಾ, ಒಂದು ಕಾಲು ಹೊರಗಿಟ್ಟು, ಅವನನ್ನ ಬಿಟ್ಟು ನನ್ನ ಕಡೆ ನೋಡಿದ್ರು. ನಾನು ಏನೂ ಹೇಳಲಿಲ್ಲ.