ದೀಪವೂ ಎಣ್ಣೆಯೂ: ವಿದ್ಯಾದಾನದ ಒಂದು ವಿಚಾರ

ದೇವಾಲಯದಲ್ಲಿ ಒಂದು ಸಂಜೆ ದೀಪ ಹಚ್ಚುವುದು ಭಕ್ತಿ. ಆ ದೀಪವು ನಿತ್ಯವೂ ಉರಿಯುವಂತೆ ಎಣ್ಣೆಗೆ ಏರ್ಪಾಡು ಮಾಡುವುದು ಭಕ್ತಿಯೊಡನೆ ಕೂಡಿದ ವಿವೇಕ. ತುಳಸಿಗೇರಿಯ ಹನುಮಪ್ಪನ ಸನ್ನಿಧಿಯಲ್ಲಿ ಕೈಮುಗಿದು ಬಂದವರಿಗೆ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಿದ್ಯಾಲಯಗಳ ವಿಷಯದಲ್ಲಿ ಮಾತ್ರ ದೀಪ ಹಚ್ಚುವವರು ಅನೇಕರು, ಎಣ್ಣೆಯನ್ನು ನೆನೆಯುವವರು ವಿರಳ. ಕಟ್ಟಡಕ್ಕೆ ಉದಾರವಾಗಿ ಕೊಡುವ ಕೈ, ಅದರೊಳಗೆ ಪಾಠ ಹೇಳುವ ಉಪಾಧ್ಯಾಯನ ಜೀವನಕ್ಕಾಗಲಿ, ಓದುವ ಬಡ ಬಾಲಕನ ಊಟಕ್ಕಾಗಲಿ, ಗ್ರಂಥಭಂಡಾರದ ಪುಸ್ತಕಗಳಿಗಾಗಲಿ ಅಷ್ಟೇ ಉತ್ಸಾಹದಿಂದ ಮುಂದೆ ಚಾಚುವುದಿಲ್ಲ.

ಈ ನಾಡಿನ ಪೂರ್ವಿಕರು ಹೀಗೆ ಎಣಿಸಿದವರಲ್ಲ. ನೆರೆಯ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದು ದೊರೆತಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಅದು ಸಾರುತ್ತದೆ. ವಿದ್ಯಾರ್ಥಿಗಳಿಗೆ 27 ವಸತಿಗಳು, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ. ಇಷ್ಟೇ ಅಲ್ಲ, ದೀಪದ ವೆಚ್ಚಕ್ಕೆಂದೇ 12 ನಿವರ್ತನ ಭೂಮಿ! ಶಾಲೆ ಕಟ್ಟಿಸಿದಾತನು ಕಲ್ಲಿನ ಲೆಕ್ಕದೊಡನೆ ಎಣ್ಣೆಯ ಲೆಕ್ಕವನ್ನೂ ಹಾಕಿದ್ದನು.

ಸಾವಿರ ವರ್ಷಗಳ ಬಳಿಕ ಇದೇ ವಿವೇಕವು ಒಬ್ಬ ಉದ್ಯಮಪತಿಯ ರೂಪದಲ್ಲಿ ಕರ್ನಾಟಕಕ್ಕೆ ಮರಳಿ ಬಂದಿತು. ಗುಜರಾತಿನ ನವಸಾರಿಯಲ್ಲಿ 1839ರಲ್ಲಿ ಜನಿಸಿ, ಮುಂಬಯಿಯಲ್ಲಿ ವ್ಯಾಪಾರೋದ್ಯಮಗಳಿಂದ ಸಂಪತ್ತನ್ನು ಗಳಿಸಿದ ಜಮಶೇಟಜಿ ಟಾಟಾರವರು 1898ರಲ್ಲಿ ಉನ್ನತ ವಿಜ್ಞಾನಾಭ್ಯಾಸದ ಸಂಸ್ಥೆಯೊಂದಕ್ಕಾಗಿ 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಕೊಡಮುಂದಾದರು. ಅವರು ಕೊಟ್ಟದ್ದು ಖರ್ಚಾಗಿ ಮುಗಿಯುವ ನಗದಲ್ಲ. ವರ್ಷವರ್ಷವೂ ಬಾಡಿಗೆ ತರುವ ಮುಂಬಯಿಯ ಕಟ್ಟಡಗಳು ಮತ್ತು ನಿವೇಶನಗಳು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ನೆಲವನ್ನೂ ವರ್ಷಕ್ಕೆ 50,000 ರೂಪಾಯಿಗಳ ನೆರವನ್ನೂ ನೀಡಿತು. ದಾತೃವು ತನ್ನ ಸಂಕಲ್ಪದ ಫಲವನ್ನು ಕಾಣಲಿಲ್ಲ. 1904ರಲ್ಲಿ ಅವರು ಕಾಲವಾದರು. ಮಕ್ಕಳಾದ ದೊರಾಬಜಿ ಮತ್ತು ರತನಜಿಯವರು ತಂದೆಯ ಮಾತನ್ನು ಉಳಿಸಿಕೊಟ್ಟರು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. 1911ರಲ್ಲಿ ವಿದ್ಯಾರ್ಥಿಗಳು ಪ್ರವೇಶ ಪಡೆದರು. 1958ರಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮನಾದ ಮಾನ್ಯತೆ ದೊರೆಯಿತು. ಸರ್ ಸಿ. ವಿ. ರಾಮನ್ನರು 1933ರಲ್ಲಿ ಅದರ ನಿರ್ದೇಶಕರಾದರೆಂಬುದು ಆ ದಾನದ ಬೆಳೆ ಎಂಥದೆಂಬುದಕ್ಕೆ ಸಾಕ್ಷಿ.

ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ದಾತೃವಿನ ಹೆಸರಿಲ್ಲವೆಂಬುದು ಗಮನಾರ್ಹ. ಆದರೆ ಬೆಂಗಳೂರಿನ ಜನರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದರು. ಹಲಗೆಯ ಮೇಲೆ ಬರೆಯಿಸದ ಹೆಸರು ನಾಲಗೆಯ ಮೇಲೆ ನಿಂತಿತು. ಕೊಟ್ಟೆನೆಂಬ ಭಾವವೇ ಇಲ್ಲದ ಸಮರ್ಪಣೆಯನ್ನು ಶರಣರು ದಾಸೋಹವೆಂದರು. ಬೇರೆ ಮತದಲ್ಲಿ ಹುಟ್ಟಿದ, ಬೇರೆ ನಾಡಿನ ವರ್ತಕರೊಬ್ಬರು ಅದರ ಮರ್ಮವನ್ನು ಆಚರಣೆಯಲ್ಲಿ ತೋರಿಸಿದರೆಂದರೆ ಉತ್ಪ್ರೇಕ್ಷೆಯಾಗದು.

ಕಟ್ಟಡಕ್ಕೆ ಕೊಡುವುದು ಹೀನವೆಂದಾಗಲಿ, ದಾನಿಯ ಹೆಸರಿಡುವುದು ದೋಷವೆಂದಾಗಲಿ ಇದರ ತಾತ್ಪರ್ಯವಲ್ಲ. ಸೂರಿಲ್ಲದೆ ಶಾಲೆಯಿಲ್ಲ, ಉಪಕಾರಸ್ಮರಣೆ ಸಂಸ್ಥೆಯ ಧರ್ಮ. ಆದರೆ ಸೂರು ಹಾಕಿಸಿದ ಮರುವರ್ಷವೇ ಗಣಿತದ ಉಪಾಧ್ಯಾಯನಿಲ್ಲದೆ ಕೋಣೆ ಬರಿದಾಗಿದ್ದರೆ, ಅಮೃತಶಿಲೆಯ ಫಲಕವು ಯಾರಿಗೆ ಪಾಠ ಹೇಳೀತು? ಟಾಟಾರಂಥ ಸಿರಿವಂತರಿಗೆ ಸಾಧ್ಯವಾದುದು ಹಳ್ಳಿಯ ಹಳೆಯ ವಿದ್ಯಾರ್ಥಿಗಳಿಗೆ ಸಾಧ್ಯವೇ ಎಂದು ಕೇಳಬಹುದು. ಮೊತ್ತದಲ್ಲಿ ಸಾಧ್ಯವಿಲ್ಲ, ರೀತಿಯಲ್ಲಿ ಖಂಡಿತ ಸಾಧ್ಯ. ಒಂದು ತರಗತಿಯಲ್ಲಿ ಓದಿದ ಮೂವತ್ತು ಮಂದಿ ಒಟ್ಟುಗೂಡಿ ಒಂದು ಮೂಲನಿಧಿಯನ್ನು ಇರಿಸಿದರೆ, ಅದರ ಬಡ್ಡಿಯಿಂದ ಪ್ರತಿವರ್ಷ ಒಬ್ಬ ಬಾಲಕಿಯ ಪುಸ್ತಕದ ವೆಚ್ಚವಾದರೂ ನಡೆದೀತು. ಬಿತ್ತುವ ಬೀಜವನ್ನು ಕುಟ್ಟಿ ತಿನ್ನಬಾರದೆಂಬುದು ಜೋಳ ಬೆಳೆಯುವ ಈ ಸೀಮೆಯ ಒಕ್ಕಲಿಗನಿಗೆ ತಿಳಿಯದ ಮಾತೇನಲ್ಲ.

ಹಾಗೆಂದು ಹೊಣೆಯೆಲ್ಲವೂ ದಾನಿಯದೇ ಅಲ್ಲ. ಮೂಲಧನವನ್ನು ಮುಟ್ಟದಿರುವುದು, ಬೆಲೆಯೇರಿಕೆಯಲ್ಲಿ ಅದು ಸವೆಯದಂತೆ ಬಡ್ಡಿಯ ಒಂದು ಅಂಶವನ್ನು ಮರಳಿ ಅದಕ್ಕೇ ಸೇರಿಸುವುದು, ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರ ಮುಂದಿಡುವುದು ಆಡಳಿತದವರ ಕರ್ತವ್ಯ. ಕೊಟ್ಟ ಬಳಿಕ ಉಪಾಧ್ಯಾಯರ ನೇಮಕದಲ್ಲಾಗಲಿ, ವಿದ್ಯಾರ್ಥಿಗಳ ಆಯ್ಕೆಯಲ್ಲಾಗಲಿ ಕೈಹಾಕದಿರುವುದು ದಾನಿಗೆ ಭೂಷಣ. ಈ ಎರಡು ಸಂಯಮಗಳಲ್ಲಿ ಒಂದು ತಪ್ಪಿದರೂ ದಾನವು ವ್ಯಾಪಾರವಾಗುತ್ತದೆ, ಇಲ್ಲವೇ ವ್ಯರ್ಥವಾಗುತ್ತದೆ.

ಸ್ಮರಣ ಸಂಚಿಕೆಗಳ ಪುಟಗಳಲ್ಲಿ ದಾನಿಗಳ ಹೆಸರುಗಳು ಶೋಭಿಸುವುದು ಉಚಿತವೇ. ಅವುಗಳ ಕೆಳಗೆ, ಆ ದಾನದಿಂದ ಈ ವರ್ಷ ಎಷ್ಟು ಮಕ್ಕಳು ಓದಿದರೆಂಬ ಒಂದು ಸಾಲೂ ಮುದ್ರಿತವಾಗುವಂತಾದರೆ, ಹಚ್ಚಿದ ದೀಪಕ್ಕೆ ಎಣ್ಣೆಯೂ ದೊರೆಯಿತೆಂದು ತಿಳಿಯಬಹುದು.